ಗಾಳಿಯ ಪಂಚಾಂಗ

ರಾಮೇಶ್ವರಕ್ಕೆ ಹೋಗುವವರು ಹಿಂದೆ ಪಂಚಾಂಗ ನೋಡಿ ಹೊರಡುತ್ತಿದ್ದರು. ಅಮಾವಾಸ್ಯೆ ಯಾವತ್ತು ಬೀಳುತ್ತದೆ, ಅಗ್ನಿತೀರ್ಥದಲ್ಲಿ ಮುಳುಗಿ ಎದ್ದು ದೇವಸ್ಥಾನದೊಳಗಿನ 22 ತೀರ್ಥಗಳ ನೀರು ಹೊಯ್ಯಿಸಿಕೊಳ್ಳಲು ಎಷ್ಟು ಹೊತ್ತು ಬೇಕು, ಕಾಶಿಗೆ ಒಯ್ಯಬೇಕಾದ ಸೇತುವಿನ ಮರಳನ್ನು ಎಲ್ಲಿಂದ ತರಬೇಕು, ಇಷ್ಟು ಗೊತ್ತಾದರೆ ಯಾತ್ರೆಯ ಲೆಕ್ಕಾಚಾರ ಮುಗಿಯುತ್ತಿತ್ತು. ಈಗ ಅದೇ ಊರಿಗೆ ಇನ್ನೊಂದು ಬಗೆಯ ಪ್ರಯಾಣಿಕರೂ ಹೊರಡುತ್ತಾರೆ. ಚೆನ್ನೈನಿಂದ, ಪುಣೆಯಿಂದ, ಬೆಂಗಳೂರಿನಿಂದ ಬರುವ ಇವರ ಉದ್ದನೆಯ ಚೀಲದಲ್ಲಿ ಮಡಚಿಟ್ಟ ಹತ್ತು-ಹನ್ನೆರಡು ಚದರ ಮೀಟರಿನ ಗಾಳಿಪಟ, ಇಪ್ಪತ್ತು ಮೀಟರಿಗೂ ಉದ್ದದ ದಾರಗಳು, ಸೊಂಟಕ್ಕೆ ಬಿಗಿಯುವ ಅಗಲದ ಪಟ್ಟಿ, ಒಂದು ಹಲಗೆ ಇರುತ್ತವೆ. ಇವರು ತಿಥಿ ಕೇಳುವುದಿಲ್ಲ. ಗಾಳಿ ಯಾವ ತಿಂಗಳು, ಯಾವ ದಿಕ್ಕಿನಿಂದ, ಎಷ್ಟು ನಾಟ್ ವೇಗದಲ್ಲಿ ಬೀಸುತ್ತದೆ ಎಂದು ಕೇಳುತ್ತಾರೆ.

ಆಟ ಹೊಸದು. ಹಲಗೆಯ ಮೇಲೆ ನಿಂತು, ಆಕಾಶದಲ್ಲಿರುವ ಪಟ ಎಳೆದಂತೆ ನೀರಿನ ಮೇಲೆ ಓಡುವ ಕೈಟ್ ಸರ್ಫಿಂಗ್ ಸಾಮಾನ್ಯ ಜನರ ಕೈಗೆ ಸಿಕ್ಕಿ ಮೂವತ್ತು ವರ್ಷವಾಗುತ್ತಿದೆ ಅಷ್ಟೆ. ಆದರೆ ಆ ಪ್ರಶ್ನೆ ಹಳೆಯದು. ಈಜಿಪ್ಟಿನಿಂದ ಬರುತ್ತಿದ್ದ ಗ್ರೀಕ್ ವ್ಯಾಪಾರಿ, ಅರಬ್ ನಾವಿಕ, ತೂತ್ತುಕುಡಿಯ ಮುತ್ತಿನ ಮುಳುಗುಗಾರ, ಪಾಂಬನ್‌ನಿಂದ ಧನುಷ್ಕೋಡಿಗೆ ರೈಲು ಬಿಟ್ಟವರು, ಎಲ್ಲರೂ ಇದೇ ಪ್ರಶ್ನೆಗೆ ಉತ್ತರ ಹುಡುಕಿದವರೇ. ಕೆಲವರಿಗೆ ಉತ್ತರ ಲಾಭ ತಂದಿತು, ಕೆಲವರ ಜೀವವನ್ನೇ ತೆಗೆದುಕೊಂಡಿತು. ಇವತ್ತು ಪ್ರವಾಸದ ಯೋಜನೆ ಹಾಕುವವರು "ಮೇಯಿಂದ ಸೆಪ್ಟೆಂಬರ್, ಆಮೇಲೆ ಡಿಸೆಂಬರ್ ಕೊನೆಯಿಂದ ಮಾರ್ಚ್" ಎಂದು ಒಂದು ಸಾಲಿನಲ್ಲಿ ಬರೆದುಕೊಳ್ಳುತ್ತಾರೆ. ಆ ಸಾಲಿಗೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ. ಆ ಸಾಲಿನಲ್ಲಿ ಬಿಟ್ಟುಹೋದ ತಿಂಗಳುಗಳಿಗೂ ಇದೆ.

ಗಂಡು ಕಡಲು, ಹೆಣ್ಣು ಕಡಲು

ಪಾಂಬನ್ ದ್ವೀಪದ ಪಡುವಣ ಭಾಗ ಅಗಲ. ಅಲ್ಲಿ ರಾಮೇಶ್ವರವಿದೆ. ಆಗ್ನೇಯಕ್ಕೆ ಅದು ಸಪೂರವಾಗುತ್ತ ಹೋಗಿ, ಕೊನೆಗೆ ಬರೀ ಮರಳಿನ ಬಾಲವಾಗಿ ನೀರಿನಲ್ಲಿ ಮುಗಿಯುತ್ತದೆ. ಆ ಬಾಲವೇ ಧನುಷ್ಕೋಡಿ, ಬಿಲ್ಲಿನ ತುದಿ. ಕುಂದಾಪುರದ ಕೋಡಿಯನ್ನೋ ಕೋಡಿ ಬೆಂಗ್ರೆಯನ್ನೋ ನೋಡಿದವರಿಗೆ ಈ ಹೆಸರೂ ಈ ನೋಟವೂ ಅಪರಿಚಿತ ಎನ್ನಿಸುವುದಿಲ್ಲ. ರಸ್ತೆ ಕೊನೆಯಾಗುವ ಜಾಗಕ್ಕೆ ಅರಿಚಲ್ ಮುನೈ ಎನ್ನುತ್ತಾರೆ, ಕೊರೆತದ ಮೂಲೆ ಎಂದರ್ಥ. ಅಲ್ಲಿಂದ ಶ್ರೀಲಂಕಾದ ತಲೈಮನ್ನಾರ್ ಸುಮಾರು 29 ಕಿ.ಮೀ. ದೂರ.

ಮರಳಿನ ಬಾಲದ ಬಡಗಣ ಬದಿಗೆ ಪಾಕ್ ಕೊಲ್ಲಿ, ತೆಂಕಣ ಬದಿಗೆ ಮನ್ನಾರ್ ಕೊಲ್ಲಿ. ಪಾಕ್ ಎಂಬ ಹೆಸರು 1763ರಿಂದ 1767ರವರೆಗೆ ಮದರಾಸಿನ ಗವರ್ನರ್ ಆಗಿದ್ದ ರಾಬರ್ಟ್ ಪಾಕ್‌ನಿಂದ ಬಂದದ್ದು. ಊರಿನವರಿಗೆ ಆ ಗವರ್ನರ್ ಬೇಕಿಲ್ಲ. ಅವರು ಪಾಕ್ ಕೊಲ್ಲಿಯನ್ನು ಪೆಣ್ ಕಡಲ್ ಎನ್ನುತ್ತಾರೆ, ಮನ್ನಾರ್ ಕೊಲ್ಲಿಯನ್ನು ಆಣ್ ಕಡಲ್ ಎನ್ನುತ್ತಾರೆ: ಹೆಣ್ಣು ಕಡಲು, ಗಂಡು ಕಡಲು. ಒಂದು ಶಾಂತ, ಇನ್ನೊಂದು ಒರಟು ಎಂಬುದು ಲೆಕ್ಕ. ಆದರೆ ಈ ಲೆಕ್ಕ ವರ್ಷವಿಡೀ ನಿಲ್ಲುವುದಿಲ್ಲ. ನೈಋತ್ಯದ ಗಾಳಿ ಬೀಸುವ ತಿಂಗಳುಗಳಲ್ಲಿ ಮನ್ನಾರ್ ಬದಿ ಕೆರಳುತ್ತದೆ, ಪಾಕ್ ಬದಿ ಮಲಗಿರುತ್ತದೆ. ಈಶಾನ್ಯದ ಗಾಳಿ ಶುರುವಾದರೆ ಅದಲುಬದಲು. ನಾಡದೋಣಿಯ ಮೀನುಗಾರರು ಇದಕ್ಕೆ ತಕ್ಕಂತೆ ಒಂದು ಬದಿಯಿಂದ ಇನ್ನೊಂದು ಬದಿಗೆ ತಮ್ಮ ಕೆಲಸವನ್ನು ಬದಲಿಸಿಕೊಳ್ಳುತ್ತ ಬಂದಿದ್ದಾರೆ.

ಪಟ ಹಾರಿಸುವವರಿಗೂ ಈ ಭೂಗೋಳವೇ ಆಸ್ತಿ. ಗಾಳಿ ಕಡಲಿನಿಂದ ನೇರವಾಗಿ ದಡಕ್ಕೆ ಬೀಸಿದರೆ ಪಟ ಸವಾರನನ್ನು ದಡಕ್ಕೆ ಎತ್ತಿ ಎಸೆಯಬಹುದು. ದಡದಿಂದ ಕಡಲಿಗೆ ಬೀಸಿದರೆ ನೀರೇನೋ ಕನ್ನಡಿಯ ಹಾಗಿರುತ್ತದೆ, ಆದರೆ ಪಟ ಬಿದ್ದರೆ ಅಥವಾ ದಾರ ತುಂಡಾದರೆ ಮನುಷ್ಯ ಕಡಲಿನೊಳಕ್ಕೇ ತೇಲಿಹೋಗುತ್ತಾನೆ. ದಡಕ್ಕೆ ಓರೆಯಾಗಿ ಬೀಸುವ ಗಾಳಿ ಎಲ್ಲಕ್ಕಿಂತ ಒಳ್ಳೆಯದು. ಒಂದೇ ದಡವಿರುವ ಊರಿನಲ್ಲಿ ಗಾಳಿಯ ದಿಕ್ಕು ತಪ್ಪಿದರೆ ಪ್ರವಾಸ ಮುಗಿದಂತೆ. ಎರಡು ಕಡಲು, ಬೇಕಾದಷ್ಟು ತಿರುವು, ಅಲ್ಲಲ್ಲಿ ಮೊಣಕಾಲುದ್ದದ ನೀರು ಇರುವ ಇಲ್ಲಿ ಮಾತ್ರ ಗಾಳಿ ಬದಲಾದರೆ ಬದಿ ಬದಲಿಸಬಹುದು.

ಪಾಕ್ ಕೊಲ್ಲಿಯ ಬಹುಪಾಲು ಆಳ ಹದಿಮೂರು ಮೀಟರನ್ನೂ ಮೀರುವುದಿಲ್ಲ. ದ್ವೀಪದ ತುದಿಯಿಂದ ಮನ್ನಾರ್‌ವರೆಗೆ ಮರಳುದಿಬ್ಬಗಳ ಸಾಲು, ಅಂದರೆ ರಾಮಸೇತು. ಹಡಗುಗಳಿಗೆ ಇದು ಶಾಪ. ದೊಡ್ಡ ಹಡಗುಗಳು ಸಿಂಹಳವನ್ನು ಸುತ್ತುಹಾಕಿಯೇ ಹೋಗಬೇಕಾಯಿತು. ಇಲ್ಲೊಂದು ಕಾಲುವೆ ತೋಡಬೇಕೆಂದು 1860ರಲ್ಲೇ ಪ್ರಸ್ತಾವ ಬಂದಿತ್ತು. 2005ರಲ್ಲಿ ಸೇತುಸಮುದ್ರಂ ಹೆಸರಿನಲ್ಲಿ ಕೆಲಸ ಶುರುವಾಗಿ, ವಿವಾದದಲ್ಲಿ ಸಿಲುಕಿ ನಿಂತೂ ಹೋಯಿತು. ಹಡಗಿಗೆ ಸಾಲದ ಈ ನೀರೇ ಈಗ ಪಟ ಹಿಡಿದು ಕಲಿಯುವವರಿಗೆ ಪಾಠಶಾಲೆ.

ಮೂರು ನುಡಿ, ಮೂರು ಲೆಕ್ಕ

ಮಾನ್ಸೂನ್ ಎಂಬ ಪದ ಅರಬ್ಬಿಯ ಮೌಸಿಮ್‌ನಿಂದ ಹುಟ್ಟಿ, ಪೋರ್ಚುಗೀಸರ ಬಾಯಿಯಲ್ಲಿ ರೂಪ ಬದಲಿಸಿಕೊಂಡು ಇಂಗ್ಲಿಷಿಗೆ ಹೋಯಿತು. ಮೌಸಿಮ್ ಎಂದರೆ ಗೊತ್ತುಮಾಡಿದ ಕಾಲ, ಋತು. ಮುಂಬೈ, ಹೈದರಾಬಾದು, ದೆಹಲಿಯ ಬೀದಿಗಳಲ್ಲಿ ದಿನಾ ಕಿವಿಗೆ ಬೀಳುವ ಮೌಸಮ್ ಅದೇ ಪದ. ಹಡಗು ಹತ್ತುವ ಅರಬ್ಬನಿಗೆ ಮುಖ್ಯವಾದದ್ದು ದಿನಾಂಕ: ಯಾವಾಗ ಹೊರಟರೆ ಯಾವಾಗ ಮುಟ್ಟುತ್ತೇನೆ, ಯಾವಾಗ ಮರಳುತ್ತೇನೆ ಎಂಬುದು.

ಕನ್ನಡದ ಮುಂಗಾರು-ಹಿಂಗಾರುಗಳಲ್ಲಿ ಗಾಳಿಯ ಸುಳಿವೇ ಇಲ್ಲ. ಅಲ್ಲಿರುವುದು ಕಾರ್, ಅಂದರೆ ಕಪ್ಪು, ಮೋಡ, ಮಳೆಗಾಲ. ಮೊದಲ ಮೋಡ, ಹಿಂದಿನ ಮೋಡ. ಇದು ಬಿತ್ತನೆಗೆ ಕಾದವರ ಲೆಕ್ಕ. ತಮಿಳು ದಿಕ್ಕನ್ನು ಎಣಿಸುತ್ತದೆ. ಬಡಗಣದಿಂದ ಬಂದರೆ ವಾಡೈ, ತೆಂಕಣದಿಂದ ತೆನ್ರಲ್, ಮೂಡಣದಿಂದ ಕೊಂಡಲ್, ಪಡುವಣದಿಂದ ಕೋಡೈ. ಕರಾವಳಿಯವರಲ್ಲಿ ಪಡುವಣ-ನೈಋತ್ಯದ ಬಿರುಗಾಳಿಗೆ ಕಚ್ಚಾನ್ ಎಂಬ ಹೆಸರೂ ಇದೆ. ತಮಿಳು ಕಾವ್ಯಗಳಲ್ಲಿ ತೆನ್ರಲ್ ತಂಪಾದ, ಮುದ್ದಾದ ಗಾಳಿ. ಪಂಜೆ ಮಂಗೇಶರಾಯರ 'ತೆಂಕಣ ಗಾಳಿಯಾಟ'ದ ಗಾಳಿಯಾದರೋ ಮರ ಮುರಿದು ಬರುವಂಥದು. ಒಂದೇ ದಿಕ್ಕಿನ ಗಾಳಿಗೆ ಎರಡು ಕರಾವಳಿಗಳು ಎರಡು ಸ್ವಭಾವ ಕಂಡಿವೆ.

ಕೈಟ್ ಸರ್ಫಿಂಗ್‌ಗೆ ಹೊರಟ ಕನ್ನಡಿಗರು ತಮ್ಮ ಲೆಕ್ಕವನ್ನು ಸ್ವಲ್ಪ ಬದಲಿಸಿಕೊಳ್ಳಬೇಕಾಗುವುದು ಇಲ್ಲಿಯೇ. ಮುಂಗಾರು ಎಂದೊಡನೆ ನಮ್ಮ ಮನಸ್ಸಿಗೆ ಮಳೆ ಬರುತ್ತದೆ. ಜೂನ್-ಜುಲೈಯಲ್ಲಿ ಕಾರವಾರದಿಂದ ಉಳ್ಳಾಲದವರೆಗೆ ಕಡಲು ಆನೆಯೆತ್ತರ ಏಳುತ್ತದೆ. ಯಂತ್ರದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಅದೇ ಗಾಳಿ ಘಟ್ಟ ಹತ್ತಿ ಮಳೆ ಸುರಿಸಿ ಒಣಗಿ ಇಳಿದು ಹಳೇ ಮೈಸೂರು ಸೀಮೆಗೆ ಬಂದಾಗ ಅದು ಆಷಾಢದ ಗಾಳಿ. ದೊಡ್ಡಬಳ್ಳಾಪುರದ ಕಡೆ ಮಕ್ಕಳು, ದೊಡ್ಡವರು ಗಾಳಿಪಟ ಹಾರಿಸುವುದು ಆ ಗಾಳಿಯಲ್ಲೇ. ರಾಮೇಶ್ವರವೂ ಘಟ್ಟದ ಮಳೆನೆರಳಿನಲ್ಲಿದೆ. ದಕ್ಷಿಣ ಭಾರತಕ್ಕೂ ಸಿಂಹಳಕ್ಕೂ ನಡುವಿನ ಕಿರುಜಾಗದಲ್ಲಿ ಗಾಳಿ ನುಗ್ಗುತ್ತದೆ, ಆದರೆ ಮೋಡ ಖಾಲಿ. ಮಳೆಯಿಲ್ಲದ ಮುಂಗಾರು ಅದು. ಅಲ್ಲಿ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಹಿಂಗಾರಿನಲ್ಲಿ. ಆಷಾಢದಲ್ಲಿ ಬೆಂಗಳೂರಿನ ಮಹಡಿಯ ಮೇಲೆ ಪಟ ಎತ್ತುವ ಗಾಳಿಯೇ ಧನುಷ್ಕೋಡಿಯಲ್ಲಿ ಮನುಷ್ಯನನ್ನು ನೀರಿನ ಮೇಲೆ ಎಳೆಯುತ್ತದೆ.

ದಿನ ಎಣಿಸಿದವರು

ಈ ಗಾಳಿಯನ್ನು ನಂಬಿ ನಡುಗಡಲಿಗೆ ಇಳಿಯುವುದನ್ನು ಕಂಡುಹಿಡಿದವನು ಹಿಪ್ಪಾಲಸ್ ಎಂಬ ನಾವಿಕ ಎಂದು 'ಪೆರಿಪ್ಲಸ್ ಆಫ್ ದಿ ಎರಿಥ್ರಿಯನ್ ಸೀ' ಹೇಳುತ್ತದೆ. ಕ್ರಿಸ್ತಶಕ ಮೊದಲ ಶತಮಾನದ ಈ ಪುಟ್ಟ ಪುಸ್ತಕ ಬರೆದವನ ಹೆಸರು ಉಳಿದಿಲ್ಲ. ಈಜಿಪ್ಟಿನಲ್ಲಿ ನೆಲೆಸಿದ್ದ, ಗ್ರೀಕ್ ಬಲ್ಲ ವ್ಯಾಪಾರಿ ಎಂಬುದು ಬರಹದಿಂದಲೇ ತಿಳಿಯುತ್ತದೆ. ಅರಬ್ಬರೂ ಭಾರತದ ನಾವಿಕರೂ ಅದಕ್ಕೆ ಮೊದಲೇ ಈ ಗಾಳಿಯನ್ನು ಬಲ್ಲವರಾಗಿದ್ದರು. ಹಿಪ್ಪಾಲಸ್ ಕಂಡುಹಿಡಿದದ್ದು ಗ್ರೀಕರ ಪಾಲಿಗೆ ಮಾತ್ರ ಹೊಸದು. ಈ ಪುಸ್ತಕ ಒಂದು ರೀತಿಯಲ್ಲಿ ಪ್ರವಾಸದ ಯೋಜನೆಯೇ. ಯಾವ ಬಂದರಿನಲ್ಲಿ ಏನು ಸಿಗುತ್ತದೆ, ಎಲ್ಲಿ ದಿಬ್ಬಗಳಿವೆ, ಎಲ್ಲಿ ಎಚ್ಚರ ಬೇಕು ಎಂಬುದೆಲ್ಲ ಅದರಲ್ಲಿದೆ. ಮಲಬಾರಿನ ಬಂದರುಗಳಿಗೆ ಬರುವವರು ಈಜಿಪ್ಟಿನಿಂದ ಜುಲೈ ಹೊತ್ತಿಗೆ ಹೊರಡಬೇಕು ಎಂದೂ ಅದು ಹೇಳುತ್ತದೆ.

ಹದಿನೈದನೆಯ ಶತಮಾನದ ಕೊನೆಗೆ ಅಹ್ಮದ್ ಇಬ್ನ್ ಮಾಜಿದ್ ಎಂಬ ಅರಬ್ ನಾವಿಕ ಬರೆದ ನೌಕಾಗ್ರಂಥದಲ್ಲಿ ಈ ಲೆಕ್ಕ ಇನ್ನೂ ಖಚಿತವಾಯಿತು. ಚಾಂದ್ರಮಾನದ ಹಿಜರಿ ಪಂಚಾಂಗ ಗಾಳಿಗೆ ಉಪಯೋಗವಿಲ್ಲ. ಅದರ ತಿಂಗಳುಗಳು ವರ್ಷದಿಂದ ವರ್ಷಕ್ಕೆ ಋತುವಿನಿಂದ ಜಾರುತ್ತವೆ. ಹಾಗಾಗಿ ನಾವಿಕರು ಪರ್ಷಿಯದ ನೈರೂಜ್ ಹಬ್ಬದಿಂದ ದಿನ ಎಣಿಸುತ್ತಿದ್ದರು. ಇಂಥ ಬಂದರಿನಿಂದ ಇಂಥ ಊರಿಗೆ ನೈರೂಜ್ ಕಳೆದ ಇಷ್ಟನೆಯ ದಿನಕ್ಕೆ ಹೊರಡಬೇಕು, ಇಷ್ಟನೆಯ ದಿನದ ಮೇಲೆ ಹೊರಟರೆ ತಲೆದಂಡ. ನೈಋತ್ಯ ಮಾರುತ ಉಚ್ಚದಲ್ಲಿರುವ ದಿನಗಳಿಗೆ ಅವರ ಲೆಕ್ಕದಲ್ಲಿ ಕಡಲು ಮುಚ್ಚಿದ ಕಾಲ ಎಂದೇ ಹೆಸರು. ನಮ್ಮ ಕರಾವಳಿಯ ನಿಷೇಧದ ತಿಂಗಳುಗಳು ಇದೇ ಕಾಲಕ್ಕೆ ಬರುತ್ತವೆ.

1686ರಲ್ಲಿ ಎಡ್ಮಂಡ್ ಹ್ಯಾಲಿ, ಧೂಮಕೇತುವಿನಿಂದ ನಮಗೆ ಪರಿಚಿತನಾದವನೇ, ಮಾರುತಗಳ ಭೂಪಟವೊಂದನ್ನು ಪ್ರಕಟಿಸಿದ. ಬಿಸಿಯಾದ ನೆಲದ ಮೇಲಿನ ಗಾಳಿ ಮೇಲೇರಿ, ಆ ಜಾಗಕ್ಕೆ ಕಡಲಿನ ಗಾಳಿ ನುಗ್ಗುತ್ತದೆ ಎಂಬ ವಿವರಣೆಯನ್ನೂ ಕೊಟ್ಟ. 1805ರಲ್ಲಿ ಫ್ರಾನ್ಸಿಸ್ ಬೋಫರ್ಟ್ ಗಾಳಿಯ ಬಲಕ್ಕೆ ಸೊನ್ನೆಯಿಂದ ಹನ್ನೆರಡರವರೆಗಿನ ಅಳತೆ ಕಟ್ಟಿದ. ಇವತ್ತು ಮೊಬೈಲಿನಲ್ಲಿ ಬಣ್ಣಬಣ್ಣವಾಗಿ ಕಾಣುವ ಗಾಳಿಯ ನಕ್ಷೆಗಳ ಹಿಂದೆ ಇವರೆಲ್ಲ ಇದ್ದಾರೆ. ನಾಟ್ ಎಂಬ ಮಾನದಲ್ಲಿ ಹಡಗಿನ ಹಗ್ಗದ ಗಂಟೇ ಇದೆ. ಗೊತ್ತಾದ ಅಂತರಕ್ಕೊಂದು ಗಂಟು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು, ಮರಳುಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಜಾರಿದವು ಎಂದು ಎಣಿಸಿ ವೇಗ ಹೇಳುತ್ತಿದ್ದರು. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಪಟ ಎಳೆಯಲು ಸಾಮಾನ್ಯವಾಗಿ ಹನ್ನೆರಡು ನಾಟ್ ಆದರೂ ಬೇಕು. ಇಪ್ಪತ್ತೈದರ ಮೇಲೆ ಕಲಿಯುವವರು ದಡದಲ್ಲಿರುವುದು ಲೇಸು.

ಗಾಳಿಯಿಲ್ಲದ ತಿಂಗಳ ಬೆಳೆ

ಎರಡು ಗಾಳಿಗಳ ನಡುವೆ ಕಡಲು ಉಸಿರು ಹಿಡಿದು ನಿಲ್ಲುವ ಕೆಲವು ವಾರಗಳಿವೆ. ಪಟದವರ ಯೋಜನೆಯಲ್ಲಿ ಅವು ವ್ಯರ್ಥದ ದಿನಗಳು. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಟಿಕೆಟ್ ತೆಗೆಯಬೇಡಿ ಎನ್ನುತ್ತಾರೆ ಬಲ್ಲವರು. ಮನ್ನಾರ್ ಕೊಲ್ಲಿಯ ಇತಿಹಾಸದಲ್ಲಾದರೋ ಅತಿ ದೊಡ್ಡ ಹಣ ಹುಟ್ಟಿದ್ದು ಆ ದಿನಗಳಲ್ಲೇ.

ಮುತ್ತಿನ ಚಿಪ್ಪಿಗೆ ಮುಳುಗುವವನಿಗೆ ಗಾಳಿ ಶತ್ರು. ನೀರು ತಿಳಿಯಾಗಿರಬೇಕು, ದೋಣಿ ಅಲುಗಬಾರದು, ಮೇಲೆ ಹಗ್ಗ ಹಿಡಿದವನಿಗೆ ಕೆಳಗಿನ ಜಗ್ಗು ತಿಳಿಯಬೇಕು. ಪೆರಿಪ್ಲಸ್ ಈ ತೀರದ ಕೊಲ್ಖೈ, ಅಂದರೆ ಕೊರ್ಕೈನ ಮುತ್ತಿನ ಬೇಟೆಯನ್ನು ಹೆಸರಿಸುತ್ತದೆ. ಅಲ್ಲಿ ಮುಳುಗುತ್ತಿದ್ದವರು ಶಿಕ್ಷೆಗೊಳಗಾದ ಅಪರಾಧಿಗಳು ಎಂದೂ ಹೇಳುತ್ತದೆ. ಹದಿಮೂರನೆಯ ಶತಮಾನದ ಕೊನೆಗೆ ಬಂದ ಮಾರ್ಕೋ ಪೋಲೋ, ಏಪ್ರಿಲ್ ಮೊದಲಿನಿಂದ ಮೇ ನಡುವಿನವರೆಗೆ ಬೇಟೆ ನಡೆಯುತ್ತದೆ ಎಂದು ಬರೆದ. ಸಿಕ್ಕಿದ್ದರಲ್ಲಿ ಹತ್ತರಲ್ಲೊಂದು ಪಾಲು ರಾಜನಿಗೆ. ದೊಡ್ಡ ಮೀನುಗಳು ಕಚ್ಚದಂತೆ ಮಂತ್ರ ಹಾಕುವವರಿಗೆ ಇಪ್ಪತ್ತರಲ್ಲೊಂದು. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಒಬ್ಬರ ನಂತರ ಒಬ್ಬರು ಇದೇ ಬೇಟೆಗಾಗಿ ಈ ಕೊಲ್ಲಿಯ ಮೇಲೆ ಕಣ್ಣಿಟ್ಟರು. ತೂತ್ತುಕುಡಿಯ ಕಡೆಯ ದೊಡ್ಡ ಮುತ್ತಿನ ಬೇಟೆಗಳು ನಡೆದದ್ದು 1955ರಿಂದ 1961ರವರೆಗೆ.

ಆಗಿನ ಮುಳುಗುಗಾರರೂ ಈಗಿನ ಪಟದವರೂ ಒಂದೇ ಪಂಚಾಂಗವನ್ನು ತಲೆಕೆಳಗಾಗಿ ಓದುತ್ತಾರೆ. ಒಬ್ಬರ ಸುಗ್ಗಿ ಇನ್ನೊಬ್ಬರ ಬಿಡುವು. ಇದನ್ನು ತಿಳಿದು ನೋಡಿದರೆ "ಆ ಊರಿನಲ್ಲಿ ಸೀಸನ್ ಯಾವಾಗ?" ಎಂಬ ಪ್ರಶ್ನೆ ಅರ್ಧದ್ದು ಎನ್ನಿಸುತ್ತದೆ. ಯಾರಿಗೆ ಎಂಬುದನ್ನೂ ಕೇಳಬೇಕಾಗುತ್ತದೆ.

ಪಟ ನೀರಿಗೆ ಇಳಿದದ್ದು

ಪಟದಿಂದ ಗಾಡಿ ಎಳೆಸುವ ಹುಚ್ಚು ಮೊದಲು ಹತ್ತಿದ್ದು ಇಂಗ್ಲೆಂಡಿನ ಬ್ರಿಸ್ಟಲಿನ ಶಾಲಾಮಾಸ್ತರ ಜಾರ್ಜ್ ಪೋಕಾಕ್‌ಗೆ. 1826ರಲ್ಲಿ ಅವನು ಪಟ ಎಳೆಯುವ ಗಾಡಿಗೆ ಪೇಟೆಂಟ್ ಪಡೆದ. ಆಗಿನ ರಸ್ತೆಸುಂಕ ಕುದುರೆಗಳ ಲೆಕ್ಕದಲ್ಲಿ. ಕುದುರೆಯೇ ಇಲ್ಲದ ಈ ಗಾಡಿಗೆ ಸುಂಕದವರು ಏನು ಕೇಳಬೇಕೆಂದು ತಿಳಿಯದೆ ಬಿಟ್ಟರಂತೆ. ಮಗಳು ಮಾರ್ಥಾಳನ್ನು ಅವನು ಕುರ್ಚಿಯಲ್ಲಿ ಕೂರಿಸಿ ಪಟದಿಂದ ಆಕಾಶಕ್ಕೆ ಏರಿಸಿದ್ದ. ಆ ಹುಡುಗಿ ಮುಂದೆ ಕ್ರಿಕೆಟಿನ ಪಿತಾಮಹ ಎನ್ನಿಸಿಕೊಂಡ ಡಬ್ಲ್ಯು. ಜಿ. ಗ್ರೇಸ್‌ನ ತಾಯಿಯಾದಳು.

1903ರ ನವೆಂಬರಿನಲ್ಲಿ ಸ್ಯಾಮುಯೆಲ್ ಕೋಡಿ ಪಟ ಕಟ್ಟಿದ ದೋಣಿಯಲ್ಲಿ ಇಂಗ್ಲಿಷ್ ಕಾಲುವೆ ದಾಟಿದ. ರಾತ್ರಿಯಿಡೀ ಫ್ರಾನ್ಸಿನ ಕಾಲೇಯಿಂದ ಇಂಗ್ಲೆಂಡಿನ ಡೋವರ್‌ವರೆಗೆ. ಆದರೆ ನೀರಿನ ಮೇಲೆ ಪಟದ ದೊಡ್ಡ ತೊಡಕು ಬೇರೆ ಇತ್ತು. ಒಮ್ಮೆ ಅಲೆಗೆ ಬಿದ್ದರೆ ಅದು ನೆನೆದು, ಮುದುಡಿ, ಮತ್ತೆ ಏಳುತ್ತಿರಲಿಲ್ಲ. ಇದನ್ನು ಬಿಡಿಸಿದವರು ಫ್ರಾನ್ಸಿನ ಬ್ರಿಟನಿಯ ಅಣ್ಣತಮ್ಮಂದಿರು, ಬ್ರೂನೋ ಮತ್ತು ಡೊಮಿನಿಕ್ ಲಗೆನ್ಯು. ಪಟದ ಅಂಚಿಗೂ ಅಡ್ಡಪಟ್ಟಿಗಳಿಗೂ ಸೈಕಲ್ ಟ್ಯೂಬಿನಂತೆ ಗಾಳಿ ತುಂಬಿದರೆ ಪಟ ತೇಲುತ್ತದೆ, ದಾರ ಜಗ್ಗಿದರೆ ನೀರಿನಿಂದಲೇ ಮೇಲೇಳುತ್ತದೆ. 1984ರ ನವೆಂಬರಿನಲ್ಲಿ ಅವರು ಇದಕ್ಕೆ ಪೇಟೆಂಟ್ ಕೇಳಿದರು. ಕೊಳ್ಳುವವರು ಮಾತ್ರ ವರ್ಷಗಟ್ಟಲೆ ಸಿಗಲಿಲ್ಲ. ಅಮೆರಿಕದಲ್ಲಿ ಬೋಯಿಂಗ್ ಕಂಪನಿಯ ಎಂಜಿನಿಯರ್ ಬಿಲ್ ರೋಸ್ಲರ್ ಮತ್ತು ಮಗ ಕೋರಿ ನೀರಿನ ಮೇಲೆ ಓಡುವ ಸ್ಕೀಗೆ ಪಟ ಕಟ್ಟುವ ಇನ್ನೊಂದು ಬಗೆಯನ್ನು 1994ರಲ್ಲಿ ಮಾರಾಟಕ್ಕೆ ತಂದರು. ಹವಾಯಿಯ ಮೌವಿ ದ್ವೀಪದಲ್ಲಿ ಲೇರ್ಡ್ ಹ್ಯಾಮಿಲ್ಟನ್, ಮನು ಬೆರ್ತಿನ್ ಮೊದಲಾದವರು ಪಟ ಹಿಡಿದು ಅಲೆಗಿಳಿದ ಮೇಲೆ ಲೋಕದ ಕಣ್ಣು ಇತ್ತ ತಿರುಗಿತು. 1997ರಲ್ಲಿ ಲಗೆನ್ಯು ಸೋದರರ ವಿಪಿಕಾ ಪಟಗಳು ಮಾರುಕಟ್ಟೆಗೆ ಬಂದವು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ, ಮಾರ್ಸೇಯ ಕಡಲಿನಲ್ಲಿ, ಪಟದ ಓಟ ಪದಕದ ಸ್ಪರ್ಧೆಯಾಯಿತು.

ಮೊದಮೊದಲ ಪಟಗಳಿಗೆ ಬಲ ತಗ್ಗಿಸುವ ವ್ಯವಸ್ಥೆ ಸರಿಯಾಗಿ ಇರಲಿಲ್ಲ. ಗಾಳಿ ಏಕಾಏಕಿ ಏರಿದರೆ ಸವಾರ ಪಟದ ಕೈದಿ. ಅದೇ ಸೋದರರು 2005ರ ಆಸುಪಾಸಿಗೆ ತಂದ ಬಿಲ್ಲಿನಾಕಾರದ ಪಟದಲ್ಲಿ, ಹಿಡಿದ ಕೋಲನ್ನು ಸಡಿಲಿಸಿದರೆ ಎಳೆತ ಹೆಚ್ಚುಕಡಿಮೆ ಪೂರ್ತಿ ಇಳಿಯುತ್ತದೆ. ಅಪಾಯ ಬಂದಾಗ ಪಟವನ್ನು ಕಳಚಿಕೊಳ್ಳುವ ಗುಂಡಿಯೂ ಈಗ ಎಲ್ಲದರಲ್ಲಿದೆ. ಕಲಿಸುವ ಶಾಲೆಗಳಲ್ಲಿ ಹಲಗೆ ಹತ್ತುವ ಮುಂಚೆ ಕಲಿಸುವುದು ಅದನ್ನು ಒತ್ತುವುದನ್ನೇ. ಗಾಳಿಯನ್ನು ಹಿಡಿಯುವ ವಿದ್ಯೆಗೆ ಇನ್ನೂರು ವರ್ಷ ಹಿಡಿಯಿತು. ಅದನ್ನು ಬಿಡುವ ವಿದ್ಯೆ ಬಂದದ್ದು ಕೊನೆಗೆ.

ಖಾಲಿ ಬಿಟ್ಟ ತಿಂಗಳುಗಳು

ಅಕ್ಟೋಬರ್, ನವೆಂಬರ್, ಡಿಸೆಂಬರ್ ಮೊದಲ ಭಾಗ. ಯೋಜನೆಯಲ್ಲಿ ಈ ತಿಂಗಳುಗಳು ಖಾಲಿ. ಹಿಂಗಾರಿನ ಮಳೆ, ಬಂಗಾಳ ಕೊಲ್ಲಿಯ ಚಂಡಮಾರುತ. ಸೈಕ್ಲೋನ್ ಎಂಬ ಪದವನ್ನೇ 1848ರಲ್ಲಿ ಕಲ್ಕತ್ತದಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಈ ಕೊಲ್ಲಿಯ ಸುಳಿಗಾಳಿಗಳನ್ನು ನೋಡಿ ಕಟ್ಟಿದ. 1864ರಲ್ಲಿ ಕಲ್ಕತ್ತವನ್ನು ಚಂಡಮಾರುತ ನುಂಗಿದ ಮೇಲೆ ಮರುವರ್ಷ ಆ ಬಂದರಿಗೆ ಮುನ್ನೆಚ್ಚರಿಕೆ ವ್ಯವಸ್ಥೆ ಬಂತು. 1875ರಲ್ಲಿ ಹವಾಮಾನ ಇಲಾಖೆ ಹುಟ್ಟಿತು.

ಧನುಷ್ಕೋಡಿ ಆಗ ಮರಳಿನ ಹಾಳೂರಾಗಿರಲಿಲ್ಲ. 1914ರ ಫೆಬ್ರವರಿ 24ರಂದು ಪಾಂಬನ್ ರೈಲುಸೇತುವೆ ತೆರೆದ ಮೇಲೆ ಮದರಾಸಿನಿಂದ ಹೊರಟ ಬೋಟ್ ಮೇಲ್ ನೇರ ಧನುಷ್ಕೋಡಿಗೆ ಬರುತ್ತಿತ್ತು. ಅಲ್ಲಿಂದ ಹಡಗು ತಲೈಮನ್ನಾರಿಗೆ, ಅಲ್ಲಿ ಮತ್ತೆ ರೈಲು ಕೊಲಂಬೋಗೆ. ಊರಿನಲ್ಲಿ ನಿಲ್ದಾಣ, ಅಂಚೆ ಕಚೇರಿ, ಶಾಲೆ, ಚರ್ಚ್, ಸುಂಕದ ಕಟ್ಟೆ, ಛತ್ರಗಳು ಇದ್ದವು.

1964ರ ಡಿಸೆಂಬರ್ 17ರ ಹೊತ್ತಿಗೆ ಅಂಡಮಾನಿನ ತೆಂಕಣಕ್ಕೆ ಹುಟ್ಟಿದ ವಾಯುಭಾರ ಕುಸಿತವೊಂದು ಚಂಡಮಾರುತವಾಗಿ ಬೆಳೆದು, ಸಿಂಹಳವನ್ನು ಹಾಯ್ದು, 22ರ ರಾತ್ರಿ ಪಾಕ್ ಕೊಲ್ಲಿಗೆ ಬಂತು. ಅಂದು ರಾತ್ರಿ ಹನ್ನೆರಡಕ್ಕೆ ಸ್ವಲ್ಪ ಮೊದಲು 653ನೇ ನಂಬರಿನ ಪ್ಯಾಸೆಂಜರ್ ರೈಲು ಪಾಂಬನ್ ಬಿಟ್ಟಿತು. ಧನುಷ್ಕೋಡಿ ಇನ್ನೇನು ಬಂತು ಎನ್ನುವಾಗ ಸಿಗ್ನಲ್ ಸತ್ತಿತ್ತು, ಸುತ್ತ ಕತ್ತಲೆ. ಚಾಲಕ ಸ್ವಲ್ಪ ಹೊತ್ತು ಕಾದು, ಉದ್ದನೆಯ ಸಿಳ್ಳು ಹಾಕಿ ಮುಂದೆ ಬಿಟ್ಟ ಎನ್ನುತ್ತವೆ ವರದಿಗಳು. ಕಡಲು ಎದ್ದು ಬಂದು ಇಡೀ ರೈಲನ್ನು ಎಳೆದುಕೊಂಡಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಊರೂ ಉಳಿಯಲಿಲ್ಲ. ಗಾಳಿಯ ವೇಗ ಗಂಟೆಗೆ 280 ಕಿ.ಮೀ. ಮುಟ್ಟಿತ್ತೆಂದು ಅಂದಾಜು. ಎರಡೂ ದೇಶಗಳಲ್ಲಿ ಸತ್ತವರು ಸುಮಾರು 1,800. ರಾಮೇಶ್ವರಕ್ಕೆ ಹೋದರೂ ಶನೀಶ್ವರನ ಕಾಟ ತಪ್ಪಲಿಲ್ಲ ಎಂಬ ಗಾದೆಯನ್ನು ಆ ರಾತ್ರಿಯ ಯಾತ್ರಿಕರ ವಿಷಯದಲ್ಲಿ ಹೇಳಲು ಬಾಯಿ ಬರುವುದಿಲ್ಲ.

ಸೇತುವೆಯ ಬಹುಪಾಲು ಕಮಾನುಗಳು ಕೊಚ್ಚಿಹೋಗಿದ್ದವು. ದುರಸ್ತಿಯ ಹೊಣೆ ಹೊತ್ತ ತರುಣ ಎಂಜಿನಿಯರ್ ಇ. ಶ್ರೀಧರನ್, ಮುಂದೆ ಕೊಂಕಣ ರೈಲ್ವೆಯನ್ನೂ ದೆಹಲಿ ಮೆಟ್ರೋವನ್ನೂ ಕಟ್ಟಿದವರು, 46 ದಿನದಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿದರು. ಕಡಲಿಗೆ ಬಿದ್ದಿದ್ದ ಗರ್ಡರುಗಳನ್ನೇ ಎತ್ತಿ ಬಳಸಲಾಯಿತು. ಆದರೆ ಧನುಷ್ಕೋಡಿಗೆ ರೈಲು ಮತ್ತೆ ಹೋಗಲಿಲ್ಲ. ಊರು ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಸಾರಿತು. ಚರ್ಚಿನ ಗೋಡೆ, ನಿಲ್ದಾಣದ ಕಮಾನು ಈಗಲೂ ಮರಳಿನಲ್ಲಿ ನಿಂತಿವೆ. ಪಕ್ಕದ ಗುಡಿಸಲುಗಳಲ್ಲಿ ಮೀನುಗಾರರ ಮನೆಗಳೂ ಇವೆ. 2017ರಲ್ಲಿ ತುದಿಯವರೆಗೆ ರಸ್ತೆ ಬಂದ ಮೇಲೆ ಪ್ರವಾಸಿಗಳು ಕಾರಿನಲ್ಲೇ ಅಲ್ಲಿಗೆ ಹೋಗುತ್ತಾರೆ.

ಡಿಸೆಂಬರ್ ಕೊನೆಗೆ ಶುರುವಾಗುವ ಚಳಿಗಾಲದ ಪಟದ ಹಂಗಾಮು ಕ್ರಿಸ್‌ಮಸ್ ರಜೆಗೆ ಚೆನ್ನಾಗಿ ಹೊಂದುತ್ತದೆ. 1964ರ ಆ ರಾತ್ರಿಯೂ ಅದೇ ವಾರದ್ದು. ಹಂಗಾಮಿನ ಆರಂಭ ಎಂದು ಯೋಜನೆಯಲ್ಲಿ ಬರೆದ ದಿನಾಂಕ ಗಾಳಿಗೆ ಗೊತ್ತಿರುವುದಿಲ್ಲ. ಅದನ್ನು ಸರಾಸರಿ ಎಂದೇ ಓದಬೇಕು, ಮಾತು ಕೊಟ್ಟಂತೆ ಅಲ್ಲ.

ಕಡಲಿನ ಮೇಲೆ ಯಾರ್ಯಾರು

ಯೋಜನೆ ಹಾಕುವವರ ಪಟ್ಟಿಯಲ್ಲಿ ಇನ್ನೂ ಕೆಲವು ಸಾಲು ಇರಬೇಕು. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಯಂತ್ರದೋಣಿಗಳಿಗೆ ನಿಷೇಧ. ಮೇ ತಿಂಗಳಲ್ಲಿ ಬಂದವರಿಗೆ ದಡದಲ್ಲಿ ಸಾಲಾಗಿ ಕಟ್ಟಿದ ದೋಣಿಗಳು ಕಂಡರೆ ಅದು ನೋಟವಷ್ಟೆ ಅಲ್ಲ, ಸಾವಿರಾರು ಮನೆಗಳ ಸಂಪಾದನೆ ನಿಂತ ಕಾಲ. ನಾಡದೋಣಿಗಳು ಆಗಲೂ ಇಳಿಯುತ್ತವೆ, ಬಲೆ ಹಾಕಿರುತ್ತವೆ. ಬಲೆಯ ಮೇಲೆ ಹಲಗೆ ಓಡಿಸುವುದು ಆಟ, ಬಲೆ ಹರಿಯುವುದು ಇನ್ನೊಬ್ಬರ ತಿಂಗಳ ಊಟ.

1974 ಮತ್ತು 1976ರ ಒಪ್ಪಂದಗಳಲ್ಲಿ ಎಳೆದ ಗಡಿ ಈ ನೀರಿನ ಮೇಲೆ ಕಾಣದಂತೆ ಹಾಯ್ದಿದೆ. ಅದನ್ನು ದಾಟಿದ ಆರೋಪದಲ್ಲಿ ರಾಮೇಶ್ವರದ ಮೀನುಗಾರರು ಶ್ರೀಲಂಕಾದ ಸೆರೆಯಲ್ಲಿರುವ ಸುದ್ದಿ ಪತ್ರಿಕೆಗಳಲ್ಲಿ ತಪ್ಪದೆ ಬರುತ್ತದೆ. ಮನ್ನಾರ್ ಕೊಲ್ಲಿಯ 21 ನಡುಗಡ್ಡೆಗಳು 1986ರಿಂದ ಕಡಲ ರಾಷ್ಟ್ರೀಯ ಉದ್ಯಾನ. 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿ.ಮೀ. ನೀರು ಕಡಲಹಸುವಿನ ಸಂರಕ್ಷಿತ ತಾಣವಾಯಿತು. ಆಳವಿಲ್ಲದ ನೀರಿನಲ್ಲಿ ಹುಲ್ಲು ಮೇಯುವ ಸಾಧುಜೀವಿ ಅದು. ಪಟದವರಿಗೆ ಇಷ್ಟವಾದ ಸೊಂಟದುದ್ದದ ನೀರೇ ಅದರ ಗೋಮಾಳ.

ಬೇಸಿಗೆಯ ರಜೆಗೆ ಬರುವವರು ಮಧುರೈವರೆಗೆ ವಿಮಾನದಲ್ಲಿ ಬಂದು ಮುಂದಿನ ಸುಮಾರು 170 ಕಿ.ಮೀ. ರಸ್ತೆಯಲ್ಲೋ ರೈಲಿನಲ್ಲೋ ಸಾಗಬಹುದು. ನೂರು ದಾಟಿದ ಹಳೆಯ ಸೇತುವೆಯ ಮೇಲೆ 2022ರ ಡಿಸೆಂಬರಿನಲ್ಲಿ ರೈಲು ನಿಂತುಹೋಗಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಯಾತ್ರಿಕರು ಮಂಡಪಂನಲ್ಲೇ ಇಳಿಯಬೇಕಾಗಿತ್ತು. 2025ರ ಏಪ್ರಿಲ್ 6ರಂದು ಹೊಸ ಸೇತುವೆ ತೆರೆಯಿತು. ಹಡಗು ಬಂದರೆ ಅದರ ನಡುಭಾಗ ನೇರ ಮೇಲಕ್ಕೆ ಏಳುತ್ತದೆ.

ಹಳೆಯ ಸೇತುವೆಯ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರವೊಂದಿತ್ತು. ವೇಗ ಗಂಟೆಗೆ ಐವತ್ತೈದು-ಅರವತ್ತು ಕಿ.ಮೀ. ಆಸುಪಾಸಿನ ಮಿತಿ ದಾಟಿದರೆ ಸಿಗ್ನಲ್ ಕೆಂಪಾಗಿ ರೈಲು ನಿಲ್ಲುತ್ತಿತ್ತು. ಪಟದವರ ಮಾನದಲ್ಲಿ ಅದು ಸುಮಾರು ಮೂವತ್ತು ನಾಟ್. ಅನುಭವಿಗಳೂ ಎರಡು ಸಲ ಯೋಚಿಸಿ ಸಣ್ಣ ಪಟ ಹುಡುಕುವ, ಹೊಸಬರು ಪಟ ಮಡಚಿಡುವ ವೇಗವೂ ಅದೇ. ಪಾಂಬನ್ ಬಂದರಿನಲ್ಲಿ ಚಂಡಮಾರುತದ ಎಚ್ಚರಿಕೆಯ ಸಂಕೇತವನ್ನು ಇವತ್ತಿಗೂ ಕಂಬಕ್ಕೆ ಏರಿಸುತ್ತಾರೆ. ಒಂದರಿಂದ ಹನ್ನೊಂದರವರೆಗೆ ಅದರ ಸಂಖ್ಯೆಗಳು. ಮೊಬೈಲಿನ ನಕ್ಷೆ ಏನೇ ಹೇಳಲಿ, ಊರಿನ ಮೀನುಗಾರರು ಮೊದಲು ಆ ಕಂಬವನ್ನು ನೋಡುತ್ತಾರೆ. ಕಂಬದಲ್ಲಿ ಸಂಕೇತ ಏರಿದ ದಿನ ದೋಣಿ ಇಳಿಯುವುದಿಲ್ಲ. ಟಿಕೆಟ್, ಕೋಣೆ, ಶಾಲೆಯ ಶುಲ್ಕ ಎಲ್ಲ ಮೊದಲೇ ಕಟ್ಟಿ ಬಂದ ಪ್ರವಾಸಿಗೆ ಅಂದು ದಡದಲ್ಲಿ ಕೂರುವುದು ಕಷ್ಟ. ಆದರೂ ಯೋಜನೆಯಲ್ಲಿ ಅಂಥ ಒಂದೆರಡು ದಿನಗಳಿಗೂ ಮೊದಲೇ ಜಾಗ ಬಿಟ್ಟಿರಬೇಕು.